ನಾಲ್ಕನೆಯ 'ಇಲ್ಲಿ ಒತ್ತಿ'

ಆಗಸ್ಟ್ 4, 2025, ಸೋಮವಾರ

ಹೋದ ವರ್ಷದ ಡೈರಿ ಜನವರಿ ಹದಿನಾಲ್ಕಕ್ಕೇ ನಿಂತುಹೋಗಿತ್ತು. ಅದರ ಖಾಲಿ ಹಾಳೆಗಳಲ್ಲೇ ದಿನಾಂಕ ತಿದ್ದಿಕೊಂಡು ಬರೆಯುತ್ತಿದ್ದೇನೆ. ಬರೆಯುವಂಥದ್ದು ಇವತ್ತು ಇದೆ. ಒಕ್ಕೂಟದ ವೆಬ್‌ಸೈಟ್ ಶುರುವಾಯಿತು, ಅದನ್ನು ಮಾಡಿದವಳು ನಾನು.

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡ ಮಸರತ್, ಹಾಸಿಗೆ ಹೊಲಿಯುತ್ತಿದ್ದ ಪಿಂಜಾರ ಬುಡನ್‌ಸಾಬರ ಮಗಳು, ವೆಬ್‌ಸೈಟ್ ಮಾಡುತ್ತಾಳೆ ಎಂದರೆ ಯಾರು ನಂಬುತ್ತಿದ್ದರು? ಆರು ತಿಂಗಳು ಮೊಬೈಲಿನಲ್ಲಿ ಪಾಠ ನೋಡಿ ಕಲಿತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲೂಕಿನ ಹೆಣ್ಣುಮಕ್ಕಳ ಕೈಕೆಲಸದ ಒಕ್ಕೂಟ ನಮ್ಮದು. ಈಗ ತಾಲೂಕಿಗೊಂದು ತರಬೇತಿ ಕೇಂದ್ರ ತೆರೆಯುತ್ತಾರೆ. ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಲಿಸಲು ಕೇಂದ್ರಕ್ಕೊಬ್ಬ ಶಿಕ್ಷಕಿ, ಅದೂ ಆಯಾ ತಾಲೂಕಿನವಳೇ ಆಗಿರಬೇಕು. ಅರ್ಜಿ ಆನ್‌ಲೈನಿನಲ್ಲೇ, ಕಡೇ ದಿನ ಹದಿನಾಲ್ಕು.

ನಾನು ಅಂಗಡಿಯಲ್ಲಿ ದಿನಾ ಮಾಡುವುದನ್ನೇ ವೆಬ್‌ಸೈಟಿನಲ್ಲೂ ಮಾಡಿದ್ದೇನೆ. ಬಂದವರಿಗೆ ಬೆರಳಿಟ್ಟು ತೋರಿಸಿ ಇಲ್ಲಿ ಒತ್ತು, ಇಲ್ಲಿ ಸೈನ್ ಹಾಕು, ಇಲ್ಲಿ ಹೆಬ್ಬೆಟ್ಟಿಡು ಎನ್ನುತ್ತೇನಲ್ಲ, ಹಾಗೆಯೇ. ನಾಲ್ಕು ತಾಲೂಕಿಗೆ ನಾಲ್ಕು ಬಣ್ಣದ ಚಿತ್ರ, ಚಿತ್ರದೊಳಗೇ ಊರಿನ ಹೆಸರು, ಪಕ್ಕದಲ್ಲಿ ತಿಳಿ ಚಿನ್ನದ ಬಣ್ಣದಲ್ಲಿ 'ಇಲ್ಲಿ ಒತ್ತಿ'. ಒಕ್ಕೂಟದ ಕಾರ್ಯದರ್ಶಿ ಸುಧಾ ಮೇಡಂ ನೋಡಿ, "ಹಳ್ಳಿ ಹೆಣ್ಮಕ್ಳಿಗೆ ಅರ್ಥ ಆಗಂಗೆ ಐತೆ ಕಣ್ರೀ" ಎಂದರು.

ಅಪ್ಪ ಮಾತ್ರ ಪರದೆಗೆ ಮೂಗು ತಾಗಿಸಿಕೊಂಡು, "ಎಲ್ಲಿ ಒತ್ತಬೇಕವ್ವ? ಏನೂ ಕಾಣ್ವಲ್ದು" ಎಂದರು. ನಿಮ್ಮ ಕಣ್ಣಿಗೆ ಪೊರೆ ಬಂದಿದೆ, ವೆಬ್‌ಸೈಟಿಗೆ ಬಂದಿಲ್ಲ ಎಂದೆ. ನಾನು ಹೀಗೆ ಜೋರಾಗಿ ಅಂದರೆ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳೂ ತಿರುಗಿ ನೋಡುತ್ತಾರಂತೆ. ನೋಡಲಿ.

ಆಗಸ್ಟ್ 11, ಸೋಮವಾರ

ಸಾಕಾಗಿಹೋಯಿತು. ಬೆಳಗಿನಿಂದ ಸರ್ವರ್ ಇಲ್ಲ. ಸಾಸ್ವೆಹಳ್ಳಿಯ ಬೋರಣ್ಣನ ಹೆಬ್ಬೆಟ್ಟು ಮಣ್ಣು ಕೆಲಸದಲ್ಲಿ ಸವೆದುಹೋಗಿದೆ, ಯಂತ್ರ ತೆಗೆದುಕೊಳ್ಳುವುದೇ ಇಲ್ಲ. ಬಟ್ಟೆಗೆ ತಿಕ್ಕಿ ತಿಕ್ಕಿ ಇಡುತ್ತಾ ಮಧ್ಯಾಹ್ನದವರೆಗೆ ಕೂತಿದ್ದ.

ಆ ಗದ್ದಲದಲ್ಲೇ ಜಗಳೂರಿನಿಂದ ಉಚ್ಚಂಗಿಯ ಫೋನು. ಅವಳ ಪೂರ್ತಿ ಹೆಸರು ಉಚ್ಚಂಗೆಮ್ಮ. ಚನ್ನಗಿರಿಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಹನ್ನೆರಡನೇ ವಯಸ್ಸಿಗೆ ಕಣ್ಣು ಪೂರ್ತಿ ಹೋಯಿತು ಅವಳಿಗೆ. ಪಾಠವೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇತಿಹಾಸದಲ್ಲಿ ಅವಳಿಗೆ ಎಂಬತ್ತೊಂದು ಬಂತು, ಓದಿದ ನನಗೆ ಐವತ್ತಾರು. ಈಗ ಊರಲ್ಲಿ ಆಫೀಸು, ಶಾಲೆಗಳ ಕುರ್ಚಿ ಹೆಣೆದು ಕೊಡುತ್ತಾಳೆ, ಬೆರಳಲ್ಲೇ ಲೆಕ್ಕ, ಒಂದು ಎಳೆ ತಪ್ಪುವುದಿಲ್ಲ. ಜಗಳೂರಿನ ಶಿಕ್ಷಕಿ ಕೆಲಸ ಅವಳಿಗೆಂದೇ ಹುಟ್ಟಿದ್ದು. ಕೇಂದ್ರ ಅವಳ ಮನೆಯಿಂದ ನಾಲ್ಕು ಹೆಜ್ಜೆ, ಯಾರ ಕೈ ಹಿಡಿಯದೆ ಹೋಗಿಬರಬಹುದು.

ಏನೋ ಲಿಂಕು ಗೊತ್ತಾಗುತ್ತಿಲ್ಲ ಎಂದಳು. ಅವಳ ಫೋನು ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ನನ್ನ ಸೈಟಿನಲ್ಲಿ ಎಲ್ಲವೂ ಒಂದೇ ಥರ ಕೇಳುತ್ತದಂತೆ.

"ನೀ ಯಾಕೆ ತಲೆ ಕೆಡಿಸ್ಕಂತೀಯ? ಸಂಜೆ ನಾನೇ ತುಂಬ್ತೀನಿ ಬಿಡು" ಎಂದೆ.

"ನಾನೇ ತುಂಬಾಕೆ ಆಗಂಗೆ ಮಾಡಾಕಾಗಲ್ಲೇನೆ?" ಎಂದಳು.

ಹಠಮಾರಿ. ಸಹಾಯ ಮಾಡುತ್ತೇನೆ ಎಂದರೂ ವಾದ. ಬೋರಣ್ಣ ಮುಂದೆ ಕಾಯುತ್ತಿದ್ದ, ಫೋನು ಇಟ್ಟುಬಿಟ್ಟೆ. ಸಂಜೆಗೆ ತಲೆ ಸಿಡಿಯುತ್ತಿತ್ತು. ಮಂಡಕ್ಕಿ ಮೆಣಸಿನಕಾಯಿ ತರಿಸಿ ತಿಂದು ಬೇಗ ಮಲಗಿದೆ.

ಆಗಸ್ಟ್ 14, ಗುರುವಾರ

ಕಡೇ ದಿನ. ಅರವತ್ತೊಂದು ಅರ್ಜಿ. ಒಂದೂ ದೂರಿಲ್ಲ. ಸುಧಾ ಮೇಡಂಗೆ ಖುಷಿ, ನನಗೂ.

ಆಗಸ್ಟ್ 29, ಶುಕ್ರವಾರ

ಇವತ್ತು ನನ್ನ ಮಾನ ಹೋಯಿತು.

ಹೊನ್ನಾಳಿಯಲ್ಲೇ ಒಕ್ಕೂಟದ ಸಭೆ. ನಾಲ್ಕೂ ತಾಲೂಕಿನಿಂದ ಬಂದಿದ್ದರು. ಹೊಸ ಸೀರೆ ಉಟ್ಟು ಹೋಗಿದ್ದೆ, ವೆಬ್‌ಸೈಟಿಗಾಗಿ ಏನೋ ಎರಡು ಒಳ್ಳೆಯ ಮಾತು ಆಡುತ್ತಾರೆ ಎಂದು. ಸುಧಾ ಮೇಡಂ ಒಂದು ಹಾಳೆ ತೆಗೆದು, ದೂರು ಬಂದಿದೆ, ಯಾರದು ಎನ್ನುವುದು ಬೇಡ ಎಂದು ಎರಡು ಸಾಲು ಓದಿದರು. "ಈ ವೆಬ್‌ಸೈಟಿನ ಲಿಂಕುಗಳು ತಾವು ಎಲ್ಲಿಗೆ ಹೋಗುತ್ತೇವೆ ಎಂದು ಹೇಳುವುದಿಲ್ಲ. ಕಣ್ಣಿದ್ದವರಿಗೆ ಮಾತ್ರ ಮಾಡಿದ ಹಾಗಿದೆ." ಎಲ್ಲರೂ ನನ್ನ ಕಡೆ ನೋಡಿದರು. ಚಹಾ ಕೊಡುವವಳೂ ನೋಡಿದಳು.

ಒಂದು ಪೈಸೆ ತೆಗೆದುಕೊಳ್ಳದೆ ಮಾಡಿಕೊಟ್ಟವಳು ನಾನು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಯಾರೋ ಹೊಟ್ಟೆಕಿಚ್ಚಿನವರ ಕೆಲಸ. ನಲ್ಲೂರಿನಲ್ಲಿ ಹೊಸದಾಗಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾರಲ್ಲ, ಅವರ ಮೇಲೇ ನನಗೆ ಅನುಮಾನ.

ಆಗಸ್ಟ್ 30, ಶನಿವಾರ

ನಲ್ಲೂರಿನವರಲ್ಲ.

ಬೆಳಿಗ್ಗೆ ಗಾದ್ರಮ್ಮ ಫೋನ್ ಮಾಡಿದ್ದಳು, ಉಚ್ಚಂಗಿಯ ತಾಯಿ. ಇದ್ದದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ, ನಾಳೆ ನಾನೇ ನಂಬದೆ ಹೋದೇನು.

"ಮಸರತ್ತವ್ವ, ನಮ್ಮ ಉಚ್ಚಂಗಿ ನಿನ್ ಕೂಡೆ ಏನರ ಮಾತಾಡಿದ್ಲೇನವ್ವ?"

"ಇಲ್ಲವ್ವ. ಯಾಕೆ?"

"ಮೊನ್ನೆ ನ್ಯಾಮ್ತಿಗೆ ಹೋಗಿ ಬಂದಾಗಿಂದ ಮಾತಿಲ್ಲ ಕತೆ ಇಲ್ಲ. ಉಣ್ಣಾಕೂ ಕರೀಬೇಕು."

ನ್ಯಾಮತಿಗೆ ಇವಳೇಕೆ ಹೋದಳು ಎಂದು ಕೇಳಿದೆ. ಕಡೇ ದಿನ ಅವಳೇ ಫೋನಿನಲ್ಲಿ ಅರ್ಜಿ ತುಂಬಿದಳಂತೆ. ಇಪ್ಪತ್ತೆರಡಕ್ಕೆ ಸಂದರ್ಶನ, ನ್ಯಾಮತಿಗೆ ಬನ್ನಿ ಎಂದು ಮೆಸೇಜು ಬಂತು. ಎಲ್ಲ ತಾಲೂಕಿನವರಿಗೂ ಅಲ್ಲೇ ಇರಬೇಕು ಎಂದುಕೊಂಡು ಕೋಲು ಹಿಡಿದು ಒಬ್ಬಳೇ ಹೊರಟಳು. ಜಗಳೂರಿನಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ, ಮೂರು ಬಸ್ಸು. ಮಾದರಿಗೆಂದು ತಾನು ಹೆಣೆದ ಒಂದು ಮಣೆಯನ್ನೂ ಹೊತ್ತುಕೊಂಡು ಹೋಗಿದ್ದಳಂತೆ. ಅಲ್ಲಿ ಆಧಾರ್ ಕಾರ್ಡು ನೋಡಿ, ನೀವು ಜಗಳೂರಿನವರು, ಇದು ನ್ಯಾಮತಿಯ ಕೆಲಸ, ಜಗಳೂರಿಗೆ ನಿಮ್ಮ ಅರ್ಜಿಯೇ ಬಂದಿಲ್ಲ ಎಂದು ವಾಪಸ್ ಕಳಿಸಿದರು.

"ಮಾರನೇ ದಿನ ಕುಂತು ಫೋನಲ್ಲೇ ಒಕ್ಕೂಟಕ್ಕೆ ಒಂದು ಕಾಗದ ಬರದ್ಲವ್ವ. ನನಗೆ ಓದಿ ಹೇಳ್ಲಿಲ್ಲ" ಎಂದಳು ಗಾದ್ರಮ್ಮ.

ಆ ಕಾಗದ. ಸಭೆಯಲ್ಲಿ ಓದಿದ್ದು ಅದೇ ಕಾಗದ.

ಎರಡು ವರ್ಷ ಅವಳಿಗೆ ಕಣ್ಣಾಗಿದ್ದೆ. ಒಂದೇ ತಟ್ಟೆಯಲ್ಲಿ ಉಂಡೆವು. ಪರೀಕ್ಷೆ ಹಿಂದಿನ ದಿನ ನನ್ನ ಪಾಠ ಬಿಟ್ಟು ಅವಳಿಗೆ ಓದಿ ಹೇಳಿದ್ದೇನೆ. ಅವಳು ನಾಲ್ಕು ತಾಲೂಕಿನವರ ಮುಂದೆ ನನ್ನ ತಲೆ ತಗ್ಗಿಸಿದಳು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಹೊರಗಿನವರು ಮಾಡಿದ್ದರೆ ಬೈದು ಮರೆಯುತ್ತಿದ್ದೆ.

ಇನ್ನೊಂದು. ಹೋಗುವಾಗಲೂ ಬರುವಾಗಲೂ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದ್ದಾಳೆ. ಬಸ್‌ಸ್ಟ್ಯಾಂಡಿನಿಂದ ರಸ್ತೆ ದಾಟಿದರೆ ನನ್ನ ಅಂಗಡಿ. ಬರಲಿಲ್ಲ. ಯಾರನ್ನಾದರೂ ಕೇಳಿದ್ದರೆ ಕೈಹಿಡಿದು ತಂದು ಬಿಡುತ್ತಿದ್ದರು. ಒಂದು ಫೋನಾದರೂ ಮಾಡಬಹುದಿತ್ತು, ಹೀಗಾಗುತ್ತಿದೆ ಕಣೆ ಎಂದು ನನಗೆ ಹೇಳಬಹುದಿತ್ತು. ಹೇಳದೆ ಬೆನ್ನಿಗೆ ಚೂರಿ ಹಾಕಿದಳು.

ಸೆಪ್ಟೆಂಬರ್ 2, ಮಂಗಳವಾರ

ಅವಳ ನಂಬರ್ ಎರಡು ಸಲ ಒತ್ತಿ, ಗಂಟೆ ಹೋಗುವ ಮೊದಲೇ ಕತ್ತರಿಸಿದೆ. ನಾನೇಕೆ ಮೊದಲು ಮಾಡಬೇಕು?

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿಕೊಂಡೆ. ಅಪ್ಪ ರೊಟ್ಟಿ ಮುರಿಯುತ್ತಾ, "ಆಕಿ ಫೋನ್ ಮಾಡಿದ್ಲಲ್ಲವ್ವ. ಬೋರಣ್ಣ ಹೆಬ್ಬೆಟ್ಟು ತಿಕ್ಕಂತ ಕುಂತಿದ್ದ ದಿನ. ಸಂಜಿಗೆ ತುಂಬ್ತೀನಿ ಅಂದಿ" ಎಂದರು.

ಅದು ಬೇರೆ ವಿಷಯ ಎಂದೆ. ಈ ವಯಸ್ಸಿನಲ್ಲಿ ಬೇಡದ್ದೆಲ್ಲ ನೆನಪಿರುತ್ತದೆ ಅವರಿಗೆ.

ಸೆಪ್ಟೆಂಬರ್ 3, ಬುಧವಾರ

ಸೈಟು ಸರಿಮಾಡಿ ಎಂದು ಸುಧಾ ಮೇಡಂ ಮೂರನೇ ಸಲ ಹೇಳಿದ್ದಾರೆ. ಏನು ತಪ್ಪಿದೆ ಎಂದು ತೋರಿಸಿಯೇ ಬಿಡೋಣ, ಏನೂ ಇಲ್ಲ ಎಂದು ಅವರಿಗೂ ಗೊತ್ತಾಗಲಿ ಎಂದು ನನ್ನ ಫೋನಿನಲ್ಲಿ ಓದಿ ಹೇಳುವ ಸೌಲಭ್ಯ ಹಾಕಿದೆ. ಹಾಕಿದ್ದೇ ಬಂತು, ತೆಗೆಯಲು ಬರಲಿಲ್ಲ.

ಅದು ಬಂದರೆ ಫೋನು ನಮ್ಮ ಮಾತು ಕೇಳುವುದಿಲ್ಲ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಮಧ್ಯಾಹ್ನ. ಅಲ್ಲಿವರೆಗೆ ಫೋನಿನೊಳಗಿನ ಹೆಂಗಸು ನನ್ನ ಮರ್ಯಾದೆ ತೆಗೆದಳು. ಅಂಗಡಿ ತುಂಬ ಜನ, "ಹಾಲಿನ ಶಾಂತಕ್ಕ, ಎರಡು ಮಿಸ್ಡ್ ಕಾಲ್" ಎಂದು ಕೂಗಿದಳು. "ಉಚ್ಚಂಗಿ ಜಗಳೂರು" ಎಂದೂ ಕೂಗಿದಳು. ನನಗಿಂತ ದೊಡ್ಡ ಬಾಯಿಯವಳು ಒಬ್ಬಳು ಸಿಕ್ಕಳಲ್ಲ ಎಂದು ಅಪ್ಪ ಹೊಟ್ಟೆ ಹಿಡಿದು ನಕ್ಕರು.

ಆಮೇಲೆ ಸೈಟು ತೆರೆದೆ. ಕಣ್ಣು ಬಿಟ್ಟರೆ ಮೋಸವಾಗುತ್ತದೆ ಎಂದು ಫೋನನ್ನು ದುಪ್ಪಟ್ಟದೊಳಗೆ ಸುತ್ತಿ ಕೈ ಒಳಗೆ ಹಾಕಿ ಕೇಳಿದೆ.

"ಇಲ್ಲಿ ಒತ್ತಿ, ಲಿಂಕ್." ಮುಂದಕ್ಕೆ ಸರಿಸಿದೆ. "ಇಲ್ಲಿ ಒತ್ತಿ, ಲಿಂಕ್." ಮತ್ತೆ. "ಇಲ್ಲಿ ಒತ್ತಿ, ಲಿಂಕ್." ಊರುಗಳ ಹೆಸರೇ ಇಲ್ಲ. ಹೆಸರು ಚಿತ್ರದೊಳಗಿದೆ, ಚಿತ್ರ ಫೋನಿನವಳಿಗೆ ಬರೀ "ಚಿತ್ರ". ನಾನೇ ಮಾಡಿದ್ದು, ನನಗೇ ಯಾವುದು ಎಲ್ಲಿಗೆ ಎಂದು ತಿಳಿಯಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಎಣಿಸಿಕೊಂಡು ನಾಲ್ಕನೆಯದನ್ನು ಎರಡು ಸಲ ತಟ್ಟಿ ದುಪ್ಪಟ್ಟ ತೆಗೆದು ನೋಡಿದೆ.

ನ್ಯಾಮತಿಯ ಅರ್ಜಿ ತೆರೆದಿತ್ತು.

ಎಲ್ಲಕ್ಕಿಂತ ಮೇಲೆ ಸೂಚನೆಗಳ ಹಾಳೆಗೂ ಒಂದು 'ಇಲ್ಲಿ ಒತ್ತಿ' ಇಟ್ಟಿದ್ದೆ. ಎಣಿಕೆಯಲ್ಲಿ ಅದೇ ಮೊದಲನೆಯದು. ಅರ್ಜಿಯ ತಲೆಯ ಮೇಲೂ ತಾಲೂಕಿನ ಹೆಸರು ಚಿತ್ರದಲ್ಲೇ ಇದೆ, ತುಂಬುವವಳಿಗೆ ಕಡೆಯವರೆಗೂ ತಿಳಿಯುವುದಿಲ್ಲ. ಒಕ್ಕೂಟದ ಮೆಸೇಜಿನಲ್ಲಿ ಊರುಗಳು ಬಂದ ಕ್ರಮ ಹಿಡಿದು ಉಚ್ಚಂಗಿ ಎಣಿಸಿದ್ದಾಳೆ. ಎಳೆ ಎಣಿಸುವ ಹಾಗೆ ಸರಿಯಾಗಿಯೇ ಎಣಿಸಿದ್ದಾಳೆ.

ಆದರೂ ನನಗೆ ಹೇಳಬೇಕಿತ್ತು. ಹೇಳಿದಳು ಎಂದಿಟ್ಟುಕೊಂಡರೂ, ಇನ್ನೊಂದು ಸಲ ಹೇಳಬೇಕಿತ್ತು.

ಸೆಪ್ಟೆಂಬರ್ 6, ಶನಿವಾರ

ನಿನ್ನೆ ಮಿಲಾದ್. ಅಂಗಡಿ ಮುಚ್ಚಿತ್ತು. ಮನೆಯಲ್ಲೇ ಕೂತು ಸೈಟು ಬಿಚ್ಚಿ ಹೊಲಿದೆ, ಇವತ್ತು ಮುಗಿಯಿತು. ಅವಳಿಗಾಗಿ ಅಲ್ಲ. ಒಕ್ಕೂಟದ ಕೆಲಸ.

'ಇಲ್ಲಿ ಒತ್ತಿ' ಒಂದನ್ನೂ ಉಳಿಸಲಿಲ್ಲ. ಈಗ 'ಜಗಳೂರು ಕೇಂದ್ರದ ಶಿಕ್ಷಕಿ ಕೆಲಸಕ್ಕೆ ಅರ್ಜಿ' ಎಂದೇ ಇದೆ, ಉಳಿದ ಮೂರೂ ಹಾಗೆಯೇ. ಸೂಚನೆಗಳ ಲಿಂಕು 'ಅರ್ಜಿ ತುಂಬುವ ಮೊದಲು ಓದಬೇಕಾದ ಸೂಚನೆಗಳು, ಎರಡು ಪುಟದ ಪಿಡಿಎಫ್' ಎನ್ನುತ್ತದೆ. ಉದ್ದವಾಯಿತು, ಅಂದ ಕೆಟ್ಟಿತು ಎಂದು ಮೊದಲು ಅನಿಸಿತು. ದುಪ್ಪಟ್ಟದೊಳಗೆ ಕೇಳಿದರೆ ಉದ್ದ ಅನಿಸುವುದಿಲ್ಲ.

ಚಿತ್ರಗಳಿಗೂ ಒಂದೊಂದು ಸಾಲು ಬರೆದೆ. ಬರೆಯುವಾಗ ಹಾಸ್ಟೆಲು ನೆನಪಾಯಿತು. ಪಾಠದಲ್ಲಿ 'ಚಿತ್ರ ನೋಡಿ' ಎಂದು ಬಂದರೆ ನಾನು ಹಾಗೇ ಓದಿ ಮುಂದೆ ಹೋಗುತ್ತಿದ್ದೆ. ಅವಳು ಮಲಗಿದ್ದಲ್ಲಿಂದಲೇ, "ನೀ ನೋಡಿದ್ರೆ ನನಗೇನು ಸಿಕ್ತು? ಚಿತ್ರದಾಗೆ ಏನೈತೆ ಹೇಳು" ಎನ್ನುತ್ತಿದ್ದಳು. ಆಗ ಹೇಳುತ್ತಿದ್ದೆ. ಗೋಳಗುಮ್ಮಟದ ಕಿಟಕಿ ಕೂಡ ಎಣಿಸಿ ಹೇಳಿದ್ದೇನೆ.

ಬಣ್ಣ ತಿದ್ದಿದ್ದು ಅಪ್ಪನನ್ನು ಕೂರಿಸಿಕೊಂಡು. ಚಿನ್ನದ ಬಣ್ಣ ಬೇಡ ಎಂದರು. ಗಾಢ ನೀಲಿ ಮಾಡಿ ಕೆಳಗೆ ಗೆರೆ ಎಳೆದ ಮೇಲೆ ಬೆರಳಿಟ್ಟು ಒಂದೊಂದನ್ನೂ ಓದಿದರು. "ಹಾಸಿಗಿ ಹೊಲ್ದಾಗ ನಾನು ತಲೆದೆಸಿಗೆ ಒಂದು ಗಂಟು ಹಾಕ್ತಿದ್ದೆ. ಕತ್ಲಾಗೆ ಮುಟ್ಟಿದ್ರೂ ತಲೆ ಯಾವ ಕಡೆ ಅಂತ ಗೊತ್ತಾಗ್ಲಿ ಅಂತ. ಹಾಸಿಗಿ ಕೊಂಡೋರು ನನ್ನನ್ನ ಕೇಳಾಕೆ ಬರಬೇಕೇನು?" ಎಂದರು.

ಅಪ್ಪನ ಹಾಸಿಗೆಯ ಗಂಟು ನನಗೆ ಚಿಕ್ಕಂದಿನಿಂದ ಗೊತ್ತು. ಕೆನ್ನೆಗೆ ಒತ್ತುತ್ತದೆ ಎಂದು ಅಳುತ್ತಿದ್ದೆ.

ಸೆಪ್ಟೆಂಬರ್ 9, ಮಂಗಳವಾರ

ಜಗಳೂರಿಗೆ ಮೂರೇ ಅರ್ಜಿ ಬಂದಿದ್ದವಂತೆ, ಮೂವರಿಗೂ ಕುರ್ಚಿ ಹೆಣೆಯಲು ಬರುವುದಿಲ್ಲ. ಹದಿನೈದರಿಂದ ಜಗಳೂರಿಗೆ ಮಾತ್ರ ಮತ್ತೆ ಅರ್ಜಿ ಕರೆಯುತ್ತಾರೆ. ಹೇಳಲು ಸುಧಾ ಮೇಡಂ ಅಂಗಡಿಗೇ ಬಂದಿದ್ದರು. ಹೊಸ ಸೈಟು ನೋಡಿ, "ಅವತ್ತು ಸಭೆಯಾಗೆ ಎರಡೇ ಸಾಲು ಓದಿದ್ದೆ. ಪೂರ್ತಿ ನೀವು ಓದ್ರಿ" ಎಂದು ಕಾಗದದ ಪ್ರತಿ ಕೊಟ್ಟು ಹೋದರು.

ಬೈಗುಳ ಇರುತ್ತದೆ ಎಂದು ಅಂಗಡಿಯ ಹಿಂದೆ ಹೋಗಿ ಓದಿದೆ. ನನ್ನ ಹೆಸರು ಎಲ್ಲೂ ಇಲ್ಲ. ನ್ಯಾಮತಿಗೆ ಹೋದದ್ದು ಒಂದೇ ಸಾಲು. ಕಡೆಯಲ್ಲಿ ಹೀಗಿದೆ: "ನನಗಾದರೆ ಒಬ್ಬ ಗೆಳತಿ ಇದ್ದಾಳೆ. ಕೇಳಿದರೆ ತುಂಬಿ ಕೊಡುತ್ತಾಳೆ. ಅಂಥ ಗೆಳತಿ ಇಲ್ಲದವರು ಏನು ಮಾಡಬೇಕು?"

ತುಂಬಿ ಕೊಡುತ್ತಾಳೆ ಎಂದು ಬರೆದಿದ್ದಾಳೆ. ತುಂಬಿ ಕೊಡಲಿಲ್ಲ ಎಂದು ಬರೆದಿಲ್ಲ.

ಆಗಸ್ಟ್ ಹನ್ನೊಂದರ ಹಾಳೆ ತೆಗೆದು ನೋಡಿದೆ. ನನ್ನ ಅಕ್ಷರವೇ. ಮಂಡಕ್ಕಿ ಮೆಣಸಿನಕಾಯಿಯವರೆಗೂ ಬರೆದಿದ್ದೇನೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಬೈಯಬಹುದಿತ್ತು. ಇವಳು ಹೀಗೇ, ಜಗಳಕ್ಕೂ ಜಾಗ ಬಿಡುವುದಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಬೋರಣ್ಣ ಬಂದಿದ್ದ. ಅಂತೂ ಹೆಬ್ಬೆಟ್ಟು ತಗೊಂಡಿತು. ಹೋಗುವಾಗ, "ಯಾಕ್ರವ್ವ, ಮೊದ್ಲು ಬೆರಳು ತೋರಿಸಿ ಕೂಗ್ತಿದ್ರಿ, ಈಗ ಬಲಗಡೆ ಕೆಳಗೆ ಹಸಿರು ಗುಂಡಿ, ಅದರ ಮೇಲೆ ನಿನ್ನ ಹೆಸರು ಅಂತ ಪುರಾಣ ಹೇಳ್ತೀರಿ" ಎಂದು ನಕ್ಕ. ಏನು ಹೇಳುತ್ತಾನೋ ಏನೋ. ನಾನು ಯಾವಾಗಲೂ ಹೀಗೇ ಹೇಳುವುದು.

ಅವಳಿಂದ ಫೋನಿಲ್ಲ. ಮತ್ತೆ ಅರ್ಜಿ ಕರೆದಿರುವುದು ಗೊತ್ತಿರುತ್ತದೆ, ಮೆಸೇಜು ಎಲ್ಲರಿಗೂ ಹೋಗಿದೆ. ಸೋಮವಾರ ಮಾಡಬಹುದು. ಮಾಡಿದರೆ ಎಲ್ಲ ಕೆಲಸ ಬಿಟ್ಟು ಮೊದಲು ಅವಳದೇ ತುಂಬುತ್ತೇನೆ.

ಸೆಪ್ಟೆಂಬರ್ 15, ಸೋಮವಾರ

ಬೇಗ ಬಂದು ಅಂಗಡಿ ತೆಗೆದೆ. ಫೋನು ಎದುರಿಗೇ ಇಟ್ಟುಕೊಂಡಿದ್ದೆ. ಹತ್ತರವರೆಗೂ ಬರಲಿಲ್ಲ. ಬಂದಿರುವ ಅರ್ಜಿಗಳ ಪಟ್ಟಿ ತೆರೆದೆ. ಮೊದಲನೆಯದೇ ಅವಳದು. ಬೆಳಿಗ್ಗೆ ಏಳು ಹತ್ತಕ್ಕೆ ಬಂದಿದೆ. ಉಚ್ಚಂಗೆಮ್ಮ, ಜಗಳೂರು. ಒಂದು ಅಕ್ಷರ ತಪ್ಪಿಲ್ಲ.

'ಅರ್ಜಿ ತುಂಬಿದವರು' ಎಂಬಲ್ಲಿ 'ಸೇವಾ ಕೇಂದ್ರ', 'ಬಂಧುಗಳು', 'ಸ್ವತಃ' ಎಂದು ಮೂರು ಇಟ್ಟಿದ್ದೆ. ಅವಳು 'ಸ್ವತಃ' ಆರಿಸಿದ್ದಾಳೆ.

ಖುಷಿಯಾಗಬೇಕಿತ್ತು. ಆಗಲಿಲ್ಲ, ಸುಳ್ಳೇಕೆ ಹೇಳಲಿ? ಇನ್ನೊಂದು ಸಲ ಮೋಸ ಹೋದ ಹಾಗಾಯಿತು. ನನ್ನನ್ನು ಬಿಟ್ಟೇ ಆಯಿತು ಅವಳ ಕೆಲಸ. ಅದೂ ನಾನೇ ದಾರಿ ಮಾಡಿಕೊಟ್ಟು. ಹಾಸ್ಟೆಲಿನಿಂದ ಇಲ್ಲಿವರೆಗೆ ಅವಳಿಗೆ ನಾನು ಬೇಕು ಎಂದುಕೊಂಡಿದ್ದೆ. ಅವಳು ಎಂದೂ ಹಾಗೆ ಹೇಳಿರಲಿಲ್ಲ, ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅಪ್ಪ ನೋಡದಿರಲಿ ಎಂದು ಪ್ರಿಂಟರಿನ ಹಿಂದೆ ಕೂತು ಅತ್ತೆ. ಪೊರೆ ಬಂದ ಕಣ್ಣಿಗೆ ಅದು ಮಾತ್ರ ಕಂಡಿತು.

ಸೆಪ್ಟೆಂಬರ್ 16, ಮಂಗಳವಾರ

ಅವಳಿಗೆ ಮೆಸೇಜು ಬರೆದೆ. ಮೊದಲು 'ಆವತ್ತಿನ ವಿಷಯಕ್ಕೆ ಸಾರಿ ಕಣೆ' ಎಂದು. ಕಳಿಸುವ ಮುಂಚೆ ಅವಳ ಫೋನು ಓದುವ ಹಾಗೆ ನನ್ನ ಫೋನಿನಿಂದ ಓದಿಸಿ ಕೇಳಿದೆ. ಯಾವತ್ತಿನ ವಿಷಯ, ಏನು ವಿಷಯ, ಒಂದೂ ಗೊತ್ತಾಗುವುದಿಲ್ಲ. ಅಳಿಸಿದೆ. ಆಮೇಲೆ ಬರೆದದ್ದು ಇದು:

"ನಾನು ಮಸರತ್. ಆಗಸ್ಟ್ ಹನ್ನೊಂದು ಸೋಮವಾರ ನೀನು ಫೋನ್ ಮಾಡಿ ಲಿಂಕು ತಿಳಿಯುತ್ತಿಲ್ಲ ಎಂದೆ. ಸಂಜೆ ನಾನೇ ನಿನ್ನ ಅರ್ಜಿ ತುಂಬುತ್ತೇನೆ ಎಂದೆ. ತುಂಬಲಿಲ್ಲ, ಮರೆತೆ. ಲಿಂಕನ್ನೂ ಸರಿ ಮಾಡಲಿಲ್ಲ. ನೀನು ನ್ಯಾಮತಿಗೆ ಹೋಗಿ ಅವಮಾನ ಪಟ್ಟು ಬಂದದ್ದು ನನ್ನಿಂದ. ನೀನು ಮೋಸ ಮಾಡಿದೆ ಎಂದು ಇಷ್ಟು ದಿನ ನಾನೇ ನಿನ್ನನ್ನು ಬೈದುಕೊಂಡೆ."

ಇದನ್ನೂ ಓದಿಸಿ ಕೇಳಿದೆ. ಫೋನಿನೊಳಗಿನ ಹೆಂಗಸಿನ ಬಾಯಲ್ಲಿ ಕೇಳುವುದು ಕಷ್ಟವಾಯಿತು. ಕಳಿಸಿದೆ.

ಮಧ್ಯಾಹ್ನ ಉತ್ತರ ಬಂತು, ಅವಳದೇ ದನಿಯಲ್ಲಿ.

"ಮಸರತ್, ಈ ಸಲ ಯಾವ ಊರು ಅಂತ ಲಿಂಕೇ ಹೇಳ್ತು ಕಣೆ, ಎಣಿಸೋದು ಬೇಕಾಗ್ಲಿಲ್ಲ. ಇಪ್ಪತ್ತೆರಡಕ್ಕೆ ಇಲ್ಲೇ ಜಗಳೂರಾಗೆ ಸಂದರ್ಶನ. ಅವತ್ತು ನ್ಯಾಮ್ತಿಯಿಂದ ಬಂದು ಹೊನ್ನಾಳಿ ಬಸ್‌ಸ್ಟ್ಯಾಂಡಾಗೆ ಮುಕ್ಕಾಲು ಗಂಟೆ ಕುಂತಿದ್ದೆ, ಮಣೆ ತೊಡೆ ಮೇಲಿಟ್ಕಂಡು. ನಿನ್ನ ಅಂಗಡಿ ಎಲ್ಲೈತೆ ಅಂತ ಯಾರನ್ನೂ ಕೇಳೋದೇ ಬೇಕಾಗಿರ್ಲಿಲ್ಲ. ನೀನು ಯಾರಿಗೋ 'ಇಲ್ಲಿ ಒತ್ತು, ಅಲ್ಲಲ್ಲ, ಇಲ್ಲಿ ಒತ್ತು' ಅಂತ ಕೂಗೋದು ರಸ್ತೆ ಈಚೆಗೂ ಕೇಳ್ತಿತ್ತು."

ಅಷ್ಟೇ ಇತ್ತು. ಮೂರು ಸಲ ಕೇಳಿದೆ.

ಅಂಗಡಿಯಲ್ಲಿ ಇವತ್ತು ಜನ ಜಾಸ್ತಿ. ಮೈಗೆ ಹುಷಾರಿಲ್ಲವೇನವ್ವ, ದನಿಯೇ ಕೇಳುತ್ತಿಲ್ಲ ಎಂದು ಅಪ್ಪ ಎರಡು ಸಲ ಕೇಳಿದರು.